ಮೊದಲ ಥೆರಪಿ ಸೆಷನ್‌ಗೆ ಮುಂಚೆ ನಾನು ಮಾಡಿಕೊಂಡ ತಯಾರಿ

ಹೋದ ಗುರುವಾರ ಸಂಜೆ ನನ್ನ ಮೊದಲ ಥೆರಪಿ ಸೆಷನ್ ಮುಗಿಯಿತು. ಒಳಗೆ ಕೂತು ಮಾತಾಡಿದ್ದು ಹೆಚ್ಚೆಂದರೆ ಐವತ್ತು ನಿಮಿಷ. ಅಲ್ಲಿಗೆ ತಲುಪಲು ಮಾತ್ರ ಬೇಸಿಗೆಯಲ್ಲಿ ಹೊರಟವಳಿಗೆ ದಸರಾ ಹತ್ತಿರ ಬಂತು. ಮಾತಿಗಿಂತ ಅದಕ್ಕೆ ಮುಂಚಿನ ಓಡಾಟವೇ ಸುಸ್ತು ಮಾಡಿದ್ದು. ಯಾರಿಗೆ ಫೋನ್ ಮಾಡಬೇಕು, ಏನು ಕೇಳಬೇಕು, ಎಷ್ಟು ದುಡ್ಡು ಇಟ್ಟುಕೊಳ್ಳಬೇಕು, ಮನೆಯಲ್ಲಿ ಏನಂತ ಹೇಳಬೇಕು ಅನ್ನುವುದನ್ನು ಬಿಡಿಸಿ ಬರೆದದ್ದು ನನಗೆ ಕನ್ನಡದಲ್ಲಿ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಖಿನ್ನತೆಯ ಲಕ್ಷಣಗಳ ಪಟ್ಟಿ, ಇಲ್ಲವೇ ಧೈರ್ಯವಾಗಿರಿ ಅನ್ನುವ ಉಪದೇಶ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಪೀಣ್ಯದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ದಿನಾ ತುಮಕೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ.

ಶುರುವಾಗಿದ್ದೂ ಬಸ್ಸಿನಲ್ಲೇ. ಮಾರ್ಚ್ ಕೊನೆ, ಆಫೀಸಿನಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಕ್ಯಾತಸಂದ್ರ ಟೋಲ್ ದಾಟಿದ ಮೇಲೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಕೈ ಬೆವರಿತು. ಉಸಿರು ಒಳಗೆ ಹೋಗುತ್ತಲೇ ಇಲ್ಲ ಅನ್ನಿಸಿತು. ಡಾಬಸ್‌ಪೇಟೆಯಲ್ಲಿ ಇಳಿದುಬಿಟ್ಟೆ. ಬೇಕರಿ ಮುಂದಿನ ಬೆಂಚಿನ ಮೇಲೆ ಕೂತು ನೀರು ಕುಡಿದೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಇಳಿಯಿತು. ಆಫೀಸಿನಲ್ಲಿ ಹೇಳಿದರೆ ಎಲ್ಲರದ್ದೂ ಒಂದೇ ಮಾತು, ಗ್ಯಾಸ್ಟ್ರಿಕ್. ನಮ್ಮಲ್ಲಿ ಎದೆಯಿಂದ ಹೊಟ್ಟೆಯವರೆಗೆ ಏನೇ ಆದರೂ ಗ್ಯಾಸ್ಟ್ರಿಕ್ಕೇ ಅಲ್ವಾ? ನಾನೂ ಮಾತ್ರೆ ನುಂಗಿದೆ. ಮತ್ತೆ ಬಂತು. ಆಮೇಲೆ ನಿದ್ದೆಯೂ ಹೋಯಿತು. ಬೆಳಿಗ್ಗೆ ಮೂರೂವರೆಗೆ ಎಚ್ಚರವಾದರೆ ಅಲಾರಂ ಹೊಡೆಯುವವರೆಗೆ ಫ್ಯಾನ್ ನೋಡುತ್ತಾ ಮಲಗಿರುವುದು.

ಮೊದಲು ಹೋಗಿದ್ದು ನಮ್ಮ ಮನೆಯವರೆಲ್ಲ ತೋರಿಸುವ ಫಿಸಿಷಿಯನ್ ಹತ್ತಿರ. ಇಸಿಜಿ ಮಾಡಿಸಿದರು. ರಕ್ತಪರೀಕ್ಷೆಗೆ ಬರೆದುಕೊಟ್ಟರು: ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಬಿ12. ಇಸಿಜಿಗೆ 250, ರಕ್ತಪರೀಕ್ಷೆಗೆ 1,400 ರೂಪಾಯಿ ಆಯಿತು. ಬಿ12 ಕಡಿಮೆ ಇತ್ತು, ಉಳಿದದ್ದೆಲ್ಲ ಸರಿ. ಡಾಕ್ಟರು ಕಾಗದ ಮಡಚಿ ಕೊಡುತ್ತಾ, "ಹಾರ್ಟ್ ಚೆನ್ನಾಗಿದೆ ಕಣಮ್ಮ. ಕೌನ್ಸೆಲಿಂಗ್ ಮಾಡೋರ ಹತ್ರ ಒಂದ್ಸಲ ಮಾತಾಡಿ ನೋಡಿ" ಅಂದರು. ಹಾರ್ಟ್ ಚೆನ್ನಾಗಿದೆ ಅಂತ ಖುಷಿಯಾಗಬೇಕಿತ್ತು. ನನಗೆ ಬಂದಿದ್ದು ಸಿಟ್ಟು. ಇಷ್ಟೆಲ್ಲ ಆಗುತ್ತಿದೆ, ಇವರು ಸುಮ್ನೆ ಮಾತಾಡಿ ಅಂತಾರಲ್ಲ ಅಂತ.

ಸಿಟ್ಟು ಇಳಿದ ಮೇಲೆ ತಿಳಿಯಿತು, ಅವರು ಮಾಡಿದ್ದು ಸರಿಯಾದ ಕ್ರಮ. ಥೈರಾಯ್ಡ್ ಜಾಸ್ತಿಯಾದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಕಡಿಮೆಯಾದರೆ ಸುಸ್ತು, ಯಾವುದರಲ್ಲೂ ಮನಸ್ಸಿಲ್ಲದಿರುವುದು. ರಕ್ತ ಕಡಿಮೆಯಿದ್ದರೂ ಹೀಗೇ. ಮನಸ್ಸಿನದ್ದು ಅಂತ ತೀರ್ಮಾನ ಮಾಡುವ ಮುಂಚೆ ಇವನ್ನೆಲ್ಲ ನೋಡಿಬಿಡಬೇಕು. ಹಾಗಾಗಿ ನೀವು ಥೆರಪಿಗೆ ಹೊರಟಿದ್ದರೆ ಮೊದಲು ಹತ್ತಿರದ ಡಾಕ್ಟರಿಗೆ ತೋರಿಸಿ, ಆ ರಿಪೋರ್ಟುಗಳನ್ನು ಒಂದು ಫೈಲಿನಲ್ಲಿ ಹಾಕಿಡಿ. ನನ್ನ ಥೆರಪಿಸ್ಟ್ ಆಮೇಲೆ ಅದನ್ನೇ ಕೇಳಿದರು.

ಮನೆಯ ವಿಷಯಕ್ಕೆ ಬರುತ್ತೇನೆ. ಅತ್ತೆಗೆ ನಾನೇನೂ ಹೇಳಿರಲಿಲ್ಲ, ಆದರೆ ರಾತ್ರಿ ಎದ್ದು ಓಡಾಡುವುದು ಕಂಡಿತ್ತು. ಒಂದು ಸಂಜೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, "ಕೆಟ್ಟ ದೃಷ್ಟಿ ಕಣೇ, ಹೋಯ್ತು ಬಿಡು" ಅಂದರು. ಆ ರಾತ್ರಿ ನಿದ್ದೆ ಬಂತು, ಸುಳ್ಳು ಹೇಳಲ್ಲ. ಮಾರನೇ ರಾತ್ರಿ ಬರಲಿಲ್ಲ. ನಮ್ಮ ಮನೆಯವರಿಗೆ ಹೇಳಿದಾಗ ಅವರು ನಗಲಿಲ್ಲ, ಬೈಯಲೂ ಇಲ್ಲ. "ಅಷ್ಟು ದುಡ್ಡು ಕೊಟ್ಟು ಬೇರೆಯವರ ಹತ್ರ ಮಾತಾಡ್ಬೇಕಾ? ನಾನಿಲ್ವಾ?" ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ರೀ, ಬೆನ್ನು ನೋವು ಬಂದಾಗ ನೀವು ಫಿಸಿಯೋಥೆರಪಿಗೆ ಹೋಗಿದ್ರಲ್ಲ, ಹಾಗೇ ಅಂದ್ಕೊಳ್ಳಿ" ಅಂದೆ. ಪೂರ್ತಿ ಒಪ್ಪಿದರು ಅಂತೇನಿಲ್ಲ. ಆದರೆ ಬೇಡ ಅನ್ನಲಿಲ್ಲ. ಎಲ್ಲರನ್ನೂ ಒಪ್ಪಿಸಿಯೇ ಹೋಗುತ್ತೇನೆ ಅಂತ ಕೂತರೆ ಹೋಗುವುದೇ ಆಗುವುದಿಲ್ಲ. ಒಬ್ಬರಿಗೆ ಗೊತ್ತಿದ್ದರೆ ಸಾಕು. ನನಗೆ ಮೈಸೂರಿನಲ್ಲಿರುವ ತಂಗಿ ಇದ್ದಳು.

ಸರಿ, ಹೋಗುವುದು ಯಾರ ಹತ್ತಿರ? ಇಲ್ಲಿ ನಾನು ತುಂಬಾ ದಿನ ಸುತ್ತಾಡಿದೆ. ಬೋರ್ಡುಗಳ ಮೇಲೆ ಮನೋವೈದ್ಯರು, ಮನಃಶಾಸ್ತ್ರಜ್ಞರು, ಕೌನ್ಸೆಲರ್, ಥೆರಪಿಸ್ಟ್, ಲೈಫ್ ಕೋಚ್ ಅಂತೆಲ್ಲ ಇರುತ್ತದೆ. ಕೇಳಿ ಕೇಳಿ ನನಗೆ ಅರ್ಥವಾಗಿದ್ದು ಇಷ್ಟು. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮಾಡಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು. ಮಾತ್ರೆ ಬರೆಯಬಲ್ಲವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಪರೀಕ್ಷೆ ಮತ್ತು ಥೆರಪಿ ಮಾಡುತ್ತಾರೆ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಸಂಖ್ಯೆ ಕೇಳುವುದು ತಪ್ಪಲ್ಲ, ಆರ್‌ಸಿಐ ವೆಬ್‌ಸೈಟಿನಲ್ಲಿ ಹೆಸರು ಹುಡುಕಲೂಬಹುದು. ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಅಂತ ಇನ್ನೊಂದು ಓದು ಇದೆ, ಅದನ್ನು ಮಾಡಿದವರಲ್ಲೂ ಒಳ್ಳೆಯ ಥೆರಪಿಸ್ಟ್‌ಗಳಿದ್ದಾರೆ. ಕೌನ್ಸೆಲರ್ ಅನ್ನುವ ಬೋರ್ಡಿನ ಹಿಂದೆ ಮಾತ್ರ ಎರಡು ವರ್ಷ ಎಂಎಸ್‌ಸಿ ಮಾಡಿದವರೂ ಇರಬಹುದು, ವಾರಾಂತ್ಯದ ಕೋರ್ಸ್ ಮಾಡಿದವರೂ ಇರಬಹುದು. ಏನು ಓದಿದ್ದೀರಿ ಅಂತ ಕೇಳಲೇಬೇಕು. ಮದುವೆ ಸಂಬಂಧ ನೋಡುವಾಗ ಕೇಳಲ್ವಾ ನಾವು, ಹಾಗೆ.

ತುಮಕೂರಿನಲ್ಲೇ ಜಿಲ್ಲಾ ಆಸ್ಪತ್ರೆ ಇದೆ, ಮನೋವೈದ್ಯರೂ ಇದ್ದಾರೆ. ನಾನು ಹೋಗದಿದ್ದದ್ದು ಹೊರಗೆ ಬೆಂಚಿನ ಮೇಲೆ ನಮ್ಮ ಬೀದಿಯವರೇ ಸಿಗುತ್ತಾರೆ ಅನ್ನುವ ಹಿಂಜರಿಕೆಗೆ. ಅದು ನನ್ನ ಹಿಂಜರಿಕೆ, ಆಸ್ಪತ್ರೆಯ ಕೊರತೆಯಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆಯಲ್ಲ ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ಅವರ ಅಣ್ಣನನ್ನು ಹೊಸೂರು ರಸ್ತೆಯ ಆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಂತೆ. ಖರ್ಚು ತೀರಾ ಕಡಿಮೆ, ಡಾಕ್ಟರುಗಳು ಒಳ್ಳೆಯವರು, ಆದರೆ ಬೆಳಿಗ್ಗೆ ಬೇಗ ಹೋಗಿ ಇಡೀ ದಿನ ಅದಕ್ಕೇ ಇಡಬೇಕು ಅಂದರು. ಅಲ್ಲಿ ಮೊದಲು ಮನೋವೈದ್ಯರು ನೋಡುತ್ತಾರೆ, ಥೆರಪಿ ಬೇಕು ಅನ್ನಿಸಿದರೆ ಆಮೇಲೆ ಕಳಿಸುತ್ತಾರೆ. ಆಸ್ಪತ್ರೆ ವಾತಾವರಣ ಬೇಡ ಅನ್ನುವವರಿಗೆ ನಿಮ್ಹಾನ್ಸ್‌ನವರದೇ ಒಂದು ಕೇಂದ್ರ ಬಿಟಿಎಂ ಲೇಔಟಿನಲ್ಲಿದೆ. ಪೀಣ್ಯದಿಂದ ಬಿಟಿಎಂಗೆ ಹೋಗಿ ಮತ್ತೆ ತುಮಕೂರಿಗೆ ವಾಪಸ್ ಅಂದರೆ ನನಗೆ ಆಗದ ಮಾತು. ನಿಮ್ಮ ಮನೆ ಆ ಕಡೆ ಇದ್ದರೆ ಖಂಡಿತ ವಿಚಾರಿಸಿ.

ಉಳಿದದ್ದು ಖಾಸಗಿ. ಫೋನ್ ಮಾಡುವುದೇ ಒಂದು ದೊಡ್ಡ ಕೆಲಸ. ಮನೆಯಲ್ಲಿ ಅತ್ತೆ ಇರುತ್ತಾರೆ, ಆಫೀಸಿನಲ್ಲಿ ಪಕ್ಕದ ಟೇಬಲ್ಲು, ಬಸ್ಸಿನಲ್ಲಂತೂ ಕೇಳುವುದೇ ಬೇಡ. ಊಟದ ಹೊತ್ತಿನಲ್ಲಿ ಕಂಪನಿ ಗೇಟಿನ ಆಚೆ ಲಾರಿಗಳ ನಡುವೆ ನಿಂತು ಮಾಡಿದೆ. ಒಂದು ಕಡೆ ಫೋನ್ ಎತ್ತಿದ ಹುಡುಗಿ ಹೆಸರು ಕೇಳುವ ಮೊದಲೇ "ಏನ್ ಪ್ರಾಬ್ಲಂ ಮೇಡಂ?" ಅಂದಳು. ನನಗೆ ಬಾಯಿ ಕಟ್ಟಿಹೋಯಿತು, ಇಟ್ಟುಬಿಟ್ಟೆ. ಇನ್ನೊಂದು ಕಡೆ ಮೊದಲು ಎಂಟು ಸೆಷನ್ನಿನ ಪ್ಯಾಕೇಜಿಗೆ ದುಡ್ಡು ಕಟ್ಟಿ, ಆಮೇಲೆ ಥೆರಪಿಸ್ಟ್ ಯಾರು ಅಂತ ಹೇಳುತ್ತೇವೆ ಅಂದರು. ಇಂಥದ್ದಕ್ಕೆ ಬೇಡ ಅಂದುಬಿಡಿ. ಮುಖ ನೋಡದೆ ಎಂಟು ಸಲದ ದುಡ್ಡು ಯಾಕೆ ಕೊಡಬೇಕು?

ಎರಡು ಮೂರು ಕಡೆ ಹೀಗಾದ ಮೇಲೆ ತಂಗಿ ಒಂದು ಉಪಾಯ ಹೇಳಿದಳು. ಫೋನ್ ಬೇಡ, ವಾಟ್ಸಾಪ್ ಮಾಡು. ಒಂದೇ ಸಂದೇಶ ಬರೆದಿಟ್ಟುಕೊಂಡು ಎಲ್ಲರಿಗೂ ಕಳಿಸು. ನಾನು ಬರೆದದ್ದು ಹೀಗೆ: "ನಮಸ್ಕಾರ. ನನಗೆ ಕೆಲವು ತಿಂಗಳಿಂದ ಬಸ್ಸಿನಲ್ಲಿ ಹೋಗುವಾಗ ಗಾಬರಿ, ನಿದ್ದೆ ಇಲ್ಲ. ದೇಹದ ಪರೀಕ್ಷೆ ಆಗಿದೆ. ಇಂಥ ತೊಂದರೆಗೆ ನೀವು ಥೆರಪಿ ಕೊಡುತ್ತೀರಾ? ಕನ್ನಡದಲ್ಲಿ ಮಾತಾಡಬಹುದಾ? ಒಂದು ಸೆಷನ್‌ಗೆ ಫೀಸ್ ಎಷ್ಟು? ಸಂಜೆ ಆರರ ಮೇಲೆ ಅಥವಾ ಶನಿವಾರ ಸಮಯ ಇದೆಯಾ? ನಿಮ್ಮ ಓದು ಮತ್ತು ನೋಂದಣಿ ಬಗ್ಗೆ ತಿಳಿಸಿ." ಇದನ್ನು ಹಾಗೇ ನಕಲು ಮಾಡಿಕೊಳ್ಳಿ, ನಿಮ್ಮ ತೊಂದರೆಗೆ ತಕ್ಕಂತೆ ಮೊದಲ ಸಾಲು ಬದಲಿಸಿ. ಉತ್ತರ ಬರುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ. ಫೀಸು 800ರಿಂದ 2,500ರವರೆಗೆ ಬಂತು.

ಕನ್ನಡದ ಪ್ರಶ್ನೆ ಚಿಕ್ಕದಲ್ಲ. ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಮೇಲ್ ಬರೆಯುತ್ತೇನೆ, ಆಡಿಟರ್ ಹತ್ತಿರ ಜಗಳವನ್ನೂ ಆಡುತ್ತೇನೆ. ಆದರೆ ಅಪ್ಪನ ಬಗ್ಗೆ, ಅತ್ತೆ ಮನೆಯ ಬಗ್ಗೆ ಇಂಗ್ಲಿಷಿನಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಬೆಂಗಳೂರಿನಲ್ಲೇ ಇದ್ದು ಕನ್ನಡದಲ್ಲಿ ಥೆರಪಿ ಕೊಡುವವರನ್ನು ಹುಡುಕುವುದು ಇಷ್ಟು ಕಷ್ಟವಾಗುತ್ತದೆ ಅಂದುಕೊಂಡಿರಲಿಲ್ಲ. "ಸ್ವಲ್ಪ ಸ್ವಲ್ಪ ಅರ್ಥ ಆಗುತ್ತೆ, ಮ್ಯಾನೇಜ್ ಮಾಡ್ತೀನಿ" ಅಂತ ಒಬ್ಬರು ಬರೆದರು. ಪ್ರಾಮಾಣಿಕರು, ಥ್ಯಾಂಕ್ಸ್ ಹೇಳಿ ಬಿಟ್ಟೆ. ಕೊನೆಗೆ ರಾಜಾಜಿನಗರದಲ್ಲಿ ಒಬ್ಬರು ಕ್ಲಿನಿಕಲ್ ಸೈಕಾಲಜಿಸ್ಟ್ ಸಿಕ್ಕರು. ಫೀಸ್ 1,500. ಪೀಣ್ಯದಿಂದ ಹಸಿರು ಮಾರ್ಗದ ಮೆಟ್ರೋದಲ್ಲಿ ಕೆಲವೇ ನಿಲ್ದಾಣ. ತೊಂದರೆ ಒಂದೇ, ಸಂಜೆಯ ಸಮಯ ಬೇಕಾದರೆ ಐದು ವಾರ ಕಾಯಬೇಕಿತ್ತು.

ಆ ಕಾಯುವ ದಿನಗಳ ಬಗ್ಗೆ ಯಾರೂ ಹೇಳುವುದಿಲ್ಲ. ಅಪಾಯಿಂಟ್‌ಮೆಂಟ್ ಸಿಕ್ಕ ಕೂಡಲೇ ನನಗೆ ಒಂದು ವಾರ ಎಷ್ಟು ಹಗುರ ಅನ್ನಿಸಿತೆಂದರೆ, ಇನ್ನು ಹೋಗುವುದೇ ಬೇಡವೇನೋ ಅಂದುಕೊಂಡೆ. ಆಮೇಲೆ ಒಂದು ರಾತ್ರಿ ಮತ್ತೆ ಜೋರಾಗಿ ಬಂತು. ಎಲ್ಲರೂ ಮಲಗಿದ್ದರು. ಆಗ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಭಾಷೆ ಆರಿಸಿಕೊಳ್ಳಲು ಹೇಳುತ್ತದೆ, ಕನ್ನಡ ಒತ್ತಿದೆ. ಸ್ವಲ್ಪ ಕಾದ ಮೇಲೆ ಒಬ್ಬ ಹೆಂಗಸು ಮಾತಾಡಿದರು. ಉಸಿರನ್ನು ನಿಧಾನವಾಗಿ ಬಿಡಲು ಹೇಳಿಕೊಟ್ಟರು, ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿದರು. ಅದು ಥೆರಪಿಯಲ್ಲ, ಆ ರಾತ್ರಿ ದಾಟಲು ಸಾಕಾಯಿತು. ಅಪಾಯಿಂಟ್‌ಮೆಂಟ್ ದೂರ ಇದ್ದರೆ ಈ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ತಾಲೂಕುಗಳಲ್ಲಿ ಇರುವವರಿಗೆ ಇನ್ನೊಂದು ದಾರಿ: ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ಊರಿಗೆ ಯಾವ ಮಂಗಳವಾರ ಅನ್ನುವುದನ್ನು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ.

ಸೆಷನ್ನಿಗೆ ಕೆಲವು ದಿನ ಮುಂಚೆ ಫಾರ್ಮ್ ಬಂತು. ಹೆಸರು, ವಯಸ್ಸು, ಕೆಲಸ, ತೆಗೆದುಕೊಳ್ಳುವ ಮಾತ್ರೆಗಳು, ಹಿಂದೆ ಚಿಕಿತ್ಸೆ ಆಗಿದೆಯಾ, ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ. ಆಮೇಲೆ ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಅನ್ನುವ ಒಂದು ಖಾಲಿ ಜಾಗ. ಅಲ್ಲಿ ನಿಂತುಬಿಟ್ಟೆ. ಗಂಡನ ನಂಬರ್ ಬರೆದರೆ ಸಣ್ಣಪುಟ್ಟದ್ದಕ್ಕೆಲ್ಲ ಅವರಿಗೆ ಫೋನ್ ಹೋಗುತ್ತಾ? ಬರೆಯದಿದ್ದರೆ ಏನಂದುಕೊಳ್ಳುತ್ತಾರೆ? ತಂಗಿಯ ನಂಬರ್ ಬರೆದೆ, ಅವಳಿಗೆ ಹೇಳಿಯೇ ಬರೆದೆ. ಜೀವಕ್ಕೆ ಅಪಾಯ ಅನ್ನಿಸಿದಾಗ ಮಾತ್ರ ಅದನ್ನು ಬಳಸುತ್ತಾರೆ ಅಂತ ಆಮೇಲೆ ಗೊತ್ತಾಯಿತು.

ಜೊತೆಗೆ ಎರಡು ಪ್ರಶ್ನಾವಳಿ. ಒಂದರ ಹೆಸರು ಪಿಎಚ್‌ಕ್ಯೂ-9, ಖಿನ್ನತೆ ಎಷ್ಟಿದೆ ಅಂತ ನೋಡುವ ಒಂಬತ್ತು ಪ್ರಶ್ನೆ. ಇನ್ನೊಂದು ಜಿಎಡಿ-7, ಆತಂಕ ಎಷ್ಟಿದೆ ಅಂತ ನೋಡುವ ಏಳು ಪ್ರಶ್ನೆ. ಹಿಂದಿನ ಎರಡು ವಾರದಲ್ಲಿ ಎಷ್ಟು ದಿನ ಹೀಗಾಯಿತು ಅಂತ ಗುರುತು ಹಾಕಬೇಕು, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಮೊದಲನೆಯದರ ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ನನಗೆ ಸಾಯಬೇಕು ಅಂತ ಅನ್ನಿಸಿರಲಿಲ್ಲ. ಬೆಳಿಗ್ಗೆ ಎಚ್ಚರವೇ ಆಗದಿದ್ದರೆ ಚೆನ್ನಾಗಿತ್ತು ಅಂತ ಕೆಲವು ದಿನ ಅನ್ನಿಸಿತ್ತು. ಇದಕ್ಕೆ ಗುರುತು ಹಾಕಿದರೆ ಆಸ್ಪತ್ರೆಗೆ ಸೇರಿಸಿಬಿಡುತ್ತಾರಾ, ಕಂಪನಿಗೆ ಗೊತ್ತಾಗುತ್ತಾ ಅಂತ ತುಂಬಾ ಹೊತ್ತು ಯೋಚಿಸಿದೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹಾಕಿದೆ. ಸೆಷನ್ನಿನಲ್ಲಿ ಅವರು ಅದನ್ನು ನೇರವಾಗಿಯೇ ಕೇಳಿದರು. ಸಾಯುವ ಯೋಜನೆ ಏನಾದರೂ ಇತ್ತಾ, ಈಗ ಹೇಗಿದೆ, ತೀರಾ ಕಷ್ಟವಾದರೆ ಯಾರಿಗೆ ಹೇಳುತ್ತೀರಿ ಅಂತ ಮಾತಾಡಿ ಮುಂದಕ್ಕೆ ಹೋದರು. ಯಾರೂ ಯಾರನ್ನೂ ಎಲ್ಲಿಗೂ ಸೇರಿಸಲಿಲ್ಲ. ಆ ಪ್ರಶ್ನೆಗೆ ಸುಳ್ಳು ಬರೆಯಬೇಡಿ. ಅಂಥ ಯೋಚನೆ ಜೋರಾಗಿದ್ದರೆ ಅಪಾಯಿಂಟ್‌ಮೆಂಟ್ ತಾರೀಖಿಗೂ ಕಾಯಬೇಡಿ, ಆ ದಿನವೇ 14416ಕ್ಕೆ ಮಾಡಿ ಅಥವಾ ಆಸ್ಪತ್ರೆಗೆ ಹೋಗಿ.

ಇನ್ಶೂರೆನ್ಸ್ ಬಗ್ಗೆ ಎಚ್‌ಆರ್ ಹತ್ತಿರ ಸುತ್ತುಬಳಸಿ ಕೇಳಿದೆ, ನನ್ನ ಸ್ನೇಹಿತೆಗೆ ಅಂತ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಮೈಯ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ನಮ್ಮಂಥವರ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ದುಡ್ಡು ಕೊಡುವಂಥವು. ಬಂದು ಮಾತಾಡಿ ಹೋಗುವ ಥೆರಪಿಗೆ ಕೈಯಿಂದಲೇ ಹಾಕಬೇಕು. ಓಪಿಡಿ, ಅಂದರೆ ದಾಖಲಾಗದೆ ತೋರಿಸಿಕೊಂಡು ಬರುವ ಖರ್ಚು ಕೊಡುವ ಪಾಲಿಸಿ ನಿಮ್ಮದಾಗಿದ್ದರೆ ರಸೀದಿ ತಪ್ಪದೆ ಕೇಳಿ. ದೊಡ್ಡ ಕಂಪನಿಗಳು ಕೆಲವು ಸೆಷನ್ನುಗಳನ್ನು ಪುಕ್ಕಟೆ ಕೊಡಿಸುತ್ತವೆ, ವಿಚಾರಿಸಿ. ನಮ್ಮಂಥ ಸಣ್ಣ ಕಂಪನಿಯಲ್ಲಿ ಅದೆಲ್ಲ ಎಲ್ಲಿ ಬಂತು.

ಏನು ಹೇಳಬೇಕು ಅನ್ನುವ ಚಿಂತೆ ಎಲ್ಲರಿಗೂ ಇರುತ್ತದೆ ಅನ್ನಿಸುತ್ತದೆ. ಬಸ್ಸಿನಲ್ಲಿ ಮನಸ್ಸಿನೊಳಗೆ ಪೂರ್ತಿ ಕಥೆ ಹೇಳಿಕೊಂಡೆ, ಮದುವೆಗೆ ಮುಂಚಿನಿಂದ. ಮುಗಿಯುವುದೇ ಇಲ್ಲ. ತಂಗಿ "ಅಕ್ಕಾ, ಅರ್ಧ ಪುಟ ಮಾತ್ರ ಬರಿ" ಅಂದಳು. ಡೈರಿಯ ಹಾಳೆ ಹರಿದು ಬರೆದೆ. ಈಗ ಏನಾಗುತ್ತಿದೆ, ಯಾವಾಗಿನಿಂದ, ಯಾವಾಗ ಜಾಸ್ತಿ, ಇದರಿಂದ ಏನು ಮಾಡಲು ಆಗುತ್ತಿಲ್ಲ, ಏನು ಸರಿಹೋದರೆ ಸಾಕು. ಕೊನೆಯದಕ್ಕೆ ಉತ್ತರ ಬರೆಯುವುದು ಕಷ್ಟವಾಯಿತು. ಖುಷಿಯಾಗಿರಬೇಕು ಅಂತ ಮೊದಲು ಬರೆದೆ, ಹೊಡೆದು ಹಾಕಿದೆ. ಡಾಬಸ್‌ಪೇಟೆಯಲ್ಲಿ ಇಳಿಯದೆ ಆಫೀಸು ಮುಟ್ಟಬೇಕು ಅಂತ ಬರೆದೆ. ಥೆರಪಿಸ್ಟಿಗೆ ಇಷ್ಟವಾಗಿದ್ದು ಅದೇ ಸಾಲು.

ಆ ದಿನ ಒಂದು ಗಂಟೆ ಮುಂಚೆ ಪರ್ಮಿಷನ್ ತೆಗೆದುಕೊಂಡು ಹೊರಟೆ. ಕಾರಣ ಡಾಕ್ಟರ್ ಅಂತಷ್ಟೇ ಹೇಳಿದೆ. ಅದು ಸುಳ್ಳೂ ಅಲ್ಲ, ಹೆಚ್ಚಿಗೆ ವಿವರಿಸಬೇಕಾಗಿಯೂ ಇಲ್ಲ. ಕ್ಲಿನಿಕ್ ಒಂದು ಮನೆಯ ಮೊದಲನೇ ಮಹಡಿ. ಕೆಳಗೆ ಟೈಲರ್ ಅಂಗಡಿ. ಕಾಯುವ ಕೋಣೆಯಲ್ಲಿ ಕಾಲೇಜು ಹುಡುಗ ಒಬ್ಬ, ಅವನ ಪಕ್ಕ ಅವನಮ್ಮ ಇರಬೇಕು. ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಎಲ್ಲರೂ ಮೊಬೈಲ್ ನೋಡುತ್ತಿದ್ದೆವು. ಆಸ್ಪತ್ರೆ ವಾಸನೆ ಇಲ್ಲ, ಬಿಳಿ ಕೋಟಿಲ್ಲ. ಸಿನಿಮಾದಲ್ಲಿ ತೋರಿಸುವ ಮಲಗುವ ಸೋಫಾ ಕೂಡ ಇಲ್ಲ. ಎರಡು ಕುರ್ಚಿ, ಒಂದು ಗಡಿಯಾರ.

ಮೊದಲ ಹತ್ತು ನಿಮಿಷ ಅವರೇ ಮಾತಾಡಿದರು. ನಾನು ಹೇಳುವುದು ಹೊರಗೆ ಹೋಗುವುದಿಲ್ಲ, ಅದು ಕಾಯ್ದೆಯಲ್ಲೇ ಇರುವ ನನ್ನ ಹಕ್ಕು. ಆದರೆ ನನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದ್ದರೆ, ಕೋರ್ಟು ಕೇಳಿದರೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗುತ್ತಿರುವುದು ಗೊತ್ತಾದರೆ ಮಾತ್ರ ಹೇಳಬೇಕಾಗುತ್ತದೆ. 24 ಗಂಟೆ ಮುಂಚೆ ತಿಳಿಸದೆ ತಪ್ಪಿಸಿದರೆ ಫೀಸ್ ಕೊಡಬೇಕು. ಗಂಡನಿಗೋ ಅತ್ತೆಗೋ ಫೋನಿನಲ್ಲಿ ಏನಾದರೂ ಹೇಳುತ್ತೀರಾ ಅಂತ ಕೇಳಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಹೇಳಲ್ಲ ಅಂದರು. ಒಪ್ಪಿಗೆ ಪತ್ರ ಓದಿ ಸಹಿ ಹಾಕಿದೆ. ಅವಸರವಿಲ್ಲದೆ ಓದಿ, ಅವರು ಕಾಯುತ್ತಾರೆ.

ಆಮೇಲೆ ಪ್ರಶ್ನೆಗಳು. ನಿದ್ದೆ, ಊಟ, ಮುಟ್ಟು, ಕಾಫಿ ಎಷ್ಟು ಕುಡಿಯುತ್ತೀರಿ, ಚಿಕ್ಕವರಿದ್ದಾಗ ಮನೆ ಹೇಗಿತ್ತು, ಗಾಬರಿ ಬಂದಾಗ ಮನಸ್ಸಿನಲ್ಲಿ ಏನು ಓಡುತ್ತದೆ. ಕಾಫಿಯ ಪ್ರಶ್ನೆಗೆ ನಗು ಬಂತು. ದಿನಕ್ಕೆ ಐದು ಲೋಟ ಅಂದೆ, ಅವರು ನಗದೆ ಬರೆದುಕೊಂಡರು. ಅಳುತ್ತೇನೆ ಅಂತ ಕರ್ಚೀಫ್ ಹಿಡಿದುಕೊಂಡು ಹೋಗಿದ್ದೆ. ಅಳು ಬರಲಿಲ್ಲ. ಅಪ್ಪನ ಕೊನೆಯ ದಿನಗಳ ಬಗ್ಗೆ ಹೇಳುವಾಗ ಮಾತ್ರ ಗಂಟಲು ಕಟ್ಟಿತು. ಅದು ಇವತ್ತೇ ಬೇಡ, ನಿಮಗೆ ಅನ್ನಿಸಿದಾಗ ಹೇಳಿ ಅಂದರು. ಸಲಹೆ ಏನೂ ಕೊಡಲಿಲ್ಲ. ಇದಕ್ಕೆ ತಯಾರಾಗಿ ಹೋಗಿ, ಇಲ್ಲದಿದ್ದರೆ 1,500 ಕೊಟ್ಟು ಬರೀ ಪ್ರಶ್ನೆ ಕೇಳಿಸಿಕೊಂಡು ಬಂದೆ ಅನ್ನಿಸುತ್ತದೆ. ಮೊದಲ ಸಲ ಅವರು ನಮ್ಮನ್ನು ತಿಳಿದುಕೊಳ್ಳುವುದು, ನಾವು ಅವರನ್ನು ನೋಡುವುದು. ನನಗೆ ಇವರು ಹಿಡಿಸಿದರು. ಹಿಡಿಸದಿದ್ದರೆ ಬೇರೆಯವರ ಹೆಸರು ಕೊಡಿ ಅಂತ ಅವರನ್ನೇ ಕೇಳಬಹುದು, ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ಅವರೇ ಹೇಳಿದರು. ಮಾತ್ರೆ ಬೇಕಾಗಬಹುದಾ ಅಂದೆ. ನಾಲ್ಕೈದು ಸೆಷನ್ ನೋಡೋಣ, ನಿದ್ದೆ ಸರಿಹೋಗದಿದ್ದರೆ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸುತ್ತೇನೆ ಅಂದರು.

ಹೊರಗೆ ಬಂದಾಗ ಹಗುರ ಏನೂ ಅನ್ನಿಸಲಿಲ್ಲ. ತಲೆ ಭಾರ, ವಿಪರೀತ ಹಸಿವು. ಅಲ್ಲೇ ಹತ್ತಿರದ ದರ್ಶಿನಿಯಲ್ಲಿ ಎರಡು ಇಡ್ಲಿ ವಡೆ ತಿಂದು ಮೆಟ್ರೋ ಹತ್ತಿದೆ. ಸೆಷನ್ ಆದ ಮೇಲೆ ಮತ್ತೆ ಕೆಲಸ, ಮದುವೆ ಮನೆ, ಮಕ್ಕಳ ಪರೀಕ್ಷೆ ಅಂತ ಇಟ್ಟುಕೊಳ್ಳಬೇಡಿ. ಆನ್‌ಲೈನ್ ಸೆಷನ್ ತೆಗೆದುಕೊಳ್ಳುವವರು ಬಾಗಿಲು ಹಾಕಿಕೊಳ್ಳಲು ಆಗುವ ಜಾಗ ಮೊದಲೇ ನೋಡಿಕೊಳ್ಳಿ. ನಮ್ಮ ಮನೆಯಲ್ಲಿ ಅಂಥ ಜಾಗ ಇಲ್ಲ, ಅದಕ್ಕೇ ನಾನು ದೂರವಾದರೂ ನೇರ ಹೋಗಲು ಒಪ್ಪಿದ್ದು. ಮುಂದಿನದನ್ನು ಶನಿವಾರ ಬೆಳಿಗ್ಗೆಗೆ ಹಾಕಿಸಿಕೊಂಡಿದ್ದೇನೆ. ಅಲ್ಲಿಯವರೆಗೆ ಎಷ್ಟು ಗಂಟೆಗೆ ಮಲಗಿದೆ, ಎಷ್ಟಕ್ಕೆ ಎದ್ದೆ, ಎಷ್ಟು ಕಾಫಿ ಕುಡಿದೆ ಅಂತ ಬರೆದಿಡಬೇಕು. ಅಕೌಂಟ್ಸ್‌ನವಳಿಗೆ ಈ ಲೆಕ್ಕ ಕಷ್ಟವೇನಲ್ಲ.